ಕುರ್ಚಿಗೆ ಕೂಡದ ಹುಲಿ

ಪೇಂಟರ್ ಬಾಷುಮಿಯಾಗ ಸಿಟ್ಟು ಬಂದ್ರ ಮೊದಲ ಕೈಯಾಗಿನ ಬ್ರಷ್ ಒಗೀತಾನ, ಆಮ್ಯಾಲ ಅದನ್ನ ತಾನ ಹುಡುಕ್ಕೋತ ತಿರಗತಾನ. ಸುರಪುರ, ಶಹಾಪುರದ ಅರ್ಧ ಅಂಗಡಿ ಬೋರ್ಡು ಒಂದ ಕಾಲಕ್ಕ ಅಂವ ಬರದದ್ದು. ಫ್ಲೆಕ್ಸ್ ಬಂದು ಆ ಧಂದೆ ಮಕಾಡೆ ಮಲಗ್ತು. ಆದ್ರ ಮೊಹರಂ ಬಂತಂದ್ರ ಹೊಳಿದಂಡಿ ಊರಿನ ಅವನ ಅಂಗಳದಾಗ ಇವತ್ತಿಗೂ ಪಾಳಿ ಹಚ್ಚತಾರ ಮಂದಿ. ಅಲಾಯಿ ದೇವರಿಗೆ ಹುಲಿ ವೇಷದ ಹರಕಿ ಹೊತ್ತವರು ಬಂದು ಬರೇ ಮೈಲೆ ನಿಲ್ತಾರ. ಬಾಷುಮಿಯಾ ಹಳದಿ ಬಳೀತಾನ, ಕರೀ ಪಟ್ಟಿ ಎಳೀತಾನ, ಮೀಸಿ ತಿದ್ದತಾನ. ಕಡೀಗೆ ಬೆನ್ನಿಗೊಂದು ಗುದ್ದಿ, "ನಡೀಪಾ, ಇನ್ನ ನೀ ಹುಲಿ, ಮನಷ್ಯಾ ಅಲ್ಲ" ಅಂತಾನ. ತಾನು ಮಾತ್ರ ಹುಟ್ಟಿದಾಗಿಂದ ಒಂದ ಹೆಜ್ಜಿ ಕುಣದಾಂವಲ್ಲ.

ಈ ವರ್ಷ ಆ ಪಾಳಿಯಾಗ ಅಂಬಣ್ಣ ಇರಲಿಲ್ಲ.

ಅಂಬಣ್ಣ ಅಂದ್ರ ಬಾಷುಮಿಯಾನ ಜೀವದ ಗೆಳ್ಯಾ. ಹೊಳ್ಯಾಗ ಬಲಿ ಹಾಕೋ ಮನಿ ಹುಡುಗ. ಹುಟ್ಟಿದ ಕೂಸು ಉಳೀಲಾರದ್ದಕ್ಕ ಅವರವ್ವ ಅಲಾಯಿ ದೇವರಿಗೆ ಬೇಡ್ಕೊಂಡಿದ್ಲು: ಇದೊಂದು ಉಳದ್ರ ಸಾಯೋತನಕ ನಿನ್ನ ಮುಂದ ಹುಲಿ ಕುಣಸ್ತೀನಿ ಅಂತ. ಕೂಸು ಉಳೀತು, ಕುಣೀತು, ಮಿಲ್ಟ್ರಿಗೂ ಸೇರ್ತು. ಕಾರ್ಗಿಲ್ ಗುಡ್ಡದಾಗ ಗುಂಡಿನ ಚೂರು ಬಡದು ಎಡಗಾಲು ಮೊಳಕಾಲಿನಾಗ ಬಗ್ಗದಂಗ ಆಗಿ ಮನೀಗೆ ಬಂತು.

ಅವತ್ತು ಯಾದಗಿರಿ ಸ್ಟೇಷನ್ನಿನಾಗ ಏನ್ ಮಂದಿ, ಏನ್ ಬಾಜಾ! ಕೊಳ್ಳಾಗಿನ ಹಾರದಾಗ ಅಂಬಣ್ಣನ ಮಾರಿನ ಕಾಣವಲ್ದು. ಟ್ರ್ಯಾಕ್ಟರ್ ಮ್ಯಾಲ ಕುರ್ಚಿ ಹಾಕಿ ಕೂಡಿಸಿ ಊರತನಕ ಮೆರಸಿದ್ರು. ಹಾರ ಬಾಡೂದರಾಗ ಅದ ಮಂದಿ ಬಂದು, "ಮಿಲ್ಟ್ರಿ ಕ್ಯಾಂಟೀನ್ ಬಾಟ್ಲಿ ಅದಾವೇನೋ ಅಂಬಣ್ಣ?" ಅಂತ ಹಲ್ಲು ಕಿಸದ್ರು. ಕೆಲಸಕ್ಕಂತ ಕಚೇರಿಗೆ ಹೋದ್ರ ನಾಳಿ ಬಾ, ಸಾಹೇಬ್ರಿಲ್ಲ. ಸೋತು ಕಡೇಚೂರ ಕಡೆ ಒಂದ ಕಾರಖಾನಿ ಗೇಟಿನಾಗ ವಾಚ್‌ಮನ್ ಆಗಿ ನಿಂತಾ. ಹಾರ ಹಾಕಿದವರ ಕಾರ ಹಾರ್ನ್ ಬಾರಸ್ತಿದ್ವು, ಇಂವ ಗೇಟ್ ತಗೀತಿದ್ದ. ವರ್ಷಕ್ಕೆರಡು ಸಲ ಜಂಡಾ ಹಾರಸೋ ದಿನ ಮಾತ್ರ ಊರಿಗೆ ನೆನಪಾಗತಿತ್ತು. ಸಾಲಿ ಅಂಗಳದಾಗ ಕುರ್ಚಿ, ಒಂದು ಶಾಲು, ಒಂದು ಬಾಳಿಹಣ್ಣು. ಮುಗೀತು.

ಇಷ್ಟಕ್ಕೆಲ್ಲಾ ಅಂಬಣ್ಣ ನಗತಿದ್ದ. ಅತ್ತದ್ದು ಒಂದ ಸಲ, ಊರಿಗೆ ಬಂದ ಮ್ಯಾಲಿನ ಮೊದಲ ಮೊಹರಂದಾಗ. ಮಸೂತಿ ಮುಂದ ಬೆಂಕಿ ಹಾಕೋ ಅಲಾಯಿ ಕುಣಿ ಸುತ್ತ ಹಲಗಿ ಬಡಿಯಾಕತ್ತಿದ್ರು. ಹಿರ್ಯಾರು ಇವನ ರಟ್ಟಿ ಹಿಡದು, "ಕಾಲಿಗೆ ತ್ರಾಸ ಮಾಡ್ಕೋಬ್ಯಾಡ್ರಿ ಮಿಲ್ಟ್ರಿ ಸಾಹೇಬ್ರ, ನಿಮ್ಮಂಥವ್ರು ಕೂಡಬೇಕು" ಅಂತ ಪ್ಲಾಸ್ಟಿಕ್ ಕುರ್ಚ್ಯಾಗ ಕೂಡಿಸಿಬಿಟ್ರು. ಮುಂದ ಹುಲಿಗಳು ಕುಣೀತಾವ, ಇವನ ಕಣ್ಣಾಗ ನೀರು ಇಳೀತಾವ.

"ಬಾಷಾ, ನನ್ನ ಗುಡ್ಡದಾಗ ಬಿಟ್ಟು ಬಂದಾರೇನೋ ಇವ್ರು?" ಅಂದಾ.

ಬಾಷುಮಿಯಾ ಆ ಮಾತು ಮರೀಲಿಲ್ಲ. ಮರುವರ್ಷ ಮೊಹರಂದ ಬೆಳಿಗ್ಗೆ ಎಲ್ಲಾರಕಿಂತ ಮೊದಲ ಕರದು ಬಣ್ಣ ಹಚ್ಚಿದ. ಮಾರಿ ಗುರ್ತ ಸಿಗದಂಗ ಹಚ್ಚಿದ. ಅಂಬಣ್ಣ ಕುಣೀತ ಹೋದ್ರ ಬಗ್ಗದ ಎಡಗಾಲು ಗಾಲಿಯಂಗ ಸುತ್ತತಿತ್ತು! ಕುಂಟ ಹುಲಿ ಬಂತು, ಕುಂಟ ಹುಲಿ ಬಂತು ಅಂತ ಕೂಸುಗಳು ಚೀರಿದ್ವು, ಮುದುಕ್ಯಾರು ಲಟಕಿ ಮುರದು ದೃಷ್ಟಿ ತಗದ್ರು. ಅವತ್ತಿಂದ ಅವನ್ನ ಯಾರೂ ಕೂಡಿಸಲಿಲ್ಲ. ಸಂಜೀಕ ಅಂಬಣ್ಣನ ಹೆಂಡ್ತಿ ಶೇಖಮ್ಮ ಚಿಮಣಿ ಎಣ್ಣಿ ಹಚ್ಚಿ ಮೈಬಣ್ಣ ತಿಕ್ಕೋತ, "ಒಂದ ಕಾಲಿನ ಹುಲಿಗೆ ಎಷ್ಟ ಸೊಕ್ಕರಿ!" ಅಂತ ಬೈತಿದ್ಲು. ಬೈಯೂದೂ ನಗೂದೂ ಕೂಡೇ.

ಹೋದ ಚಳಿಗಾಲದಾಗ ಅಂಬಣ್ಣ ಮಲಗಿದಾಂವ ಏಳಲಿಲ್ಲ.

ಮೊಹರಂದ ಕಡೀ ದಿನ, ದೇವರು ಹೊಳಿಗೆ ಹೋಗೋ ಹೊತ್ತು. ಬಣ್ಣದ ಡಬ್ಬಿ ಹಿಡಕೊಂಡು ಹುಲಿಗಳ ಹಿಂದ ಮಸೂತಿ ಮುಂದ ಬಂದ ಬಾಷುಮಿಯಾ ನೋಡ್ತಾನ, ಕುಣಿ ಪಕ್ಕಕ್ಕ ಒಂದು ಕುರ್ಚಿ! ಅದರ ಮ್ಯಾಲ ವರ್ದಿ ಹಾಕಿದ ಅಂಬಣ್ಣನ ಫೋಟೊ, ಹಾರ, ಸುತ್ತಲೂ ಬಲೂನು. ಕಮಿಟಿ ಅಧ್ಯಕ್ಷ ಲಕ್ಷ್ಮಿಕಾಂತ ಮೈಕ್ ಹಿಡದು, "ನಮ್ಮೂರ ಹೆಮ್ಮಿಯ ವೀರಯೋಧ" ಅಂತ ಶುರು ಹಚ್ಚ್ಯಾನ.

"ಏ ಲಕ್ಷ್ಮಿಕಾಂತ! ಬದುಕಿದ್ದಾಗ ಕೂಡಲಾರದಾಂವನ್ನ ಸತ್ತ ಮ್ಯಾಲ ಕೂಡಸ್ತೀರೇನು?"

"ಮರ್ಯಾದಿ ಮಾಡಾಕತ್ತೀವಿ ಬಾಷಾಭಾಯಿ. ಫೋಟೊ ಅವ್ರ ಮನಿಯವ್ರ ಕೊಟ್ಟಾರ."

ಬಾಷುಮಿಯಾ ತಿರಗಿ ನೋಡಿದ. ಗ್ವಾಡಿಗೆ ಆತು ಶೇಖಮ್ಮ ನಿಂತಿದ್ಲು, ಬಾಜೂಕ ಮಗಳು ರಾಧಿಕಾ. ಫೋಟೊ ಖುಷೀಲೆ ಕೊಟ್ಟಾಳೋ, ಇಲ್ಲನ್ನಾಕ ಆಗದ ಕೊಟ್ಟಾಳೋ? ಗೆಳ್ಯಾ ಹೆಂಗೂ ಹೋದ. ಇವತ್ತ ಏನಾರ ತಪ್ಪಿ ನಡದ್ರ ಆ ಮನಿ ಬಾಗಲನೂ ಮುಚ್ಚತಾದ. ಆದ್ರ ಫೋಟೊದಾಗಿನ ಆ ಬಿಗದ ಮಾರಿ! ಇದು ನನ್ನ ಅಂಬಣ್ಣ ಅಲ್ಲ, ಖರೇನ ಅಲ್ಲ ಅನಸ್ತು.

ಬಿಸ್ಮಿಲ್ಲಾ ಅಂದವನೇ ಡಬ್ಬ್ಯಾಗ ಬ್ರಷ್ ಅದ್ದಿದ. ಫೋಟೊದ ಗಾಜಿನ ಮ್ಯಾಲ ಸರ್ರನ ಹಳದಿ ಎಳದ. ಆಮ್ಯಾಲ ಹಣಿಗೆ ಕರೀ ಪಟ್ಟಿ, ಗಲ್ಲಕ್ಕ ಪಟ್ಟಿ, ಮೂಗಿನ ತುದಿಗೆ ಕೆಂಪು.

ಹಲಗಿ ನಿಂತ್ವು. "ಅಯ್ಯ ಅಯ್ಯ, ಹುಚ್ಚ ಹಿಡದಾದ ಇವಗ!" ಅಂದ್ರು ಮಂದಿ. ಲಕ್ಷ್ಮಿಕಾಂತನ ಬಾಯಿ ತೆರದದ್ದು ಮುಚ್ಚಲಿಲ್ಲ. ಬಾಷುಮಿಯಾನ ಹೆಂಡ್ತಿ ಹಜರಾಬೀ ದೂರದಿಂದ, "ಯಾ ಅಲ್ಲಾ!" ಅಂತ ಸೆರಗು ಕಚ್ಚಿದ್ಲು.

ಶೇಖಮ್ಮ ಗ್ವಾಡಿ ಬಿಟ್ಟು ಬಂದ್ಲು. ಮಂದಿ ದಾರಿ ಬಿಟ್ರು. ಫೋಟೊ ಮುಂದ ನಿಂತು ನೋಡಿದ್ಲು, ನೋಡೇ ನೋಡಿದ್ಲು. ಬಾಷುಮಿಯಾಗ ನೆಲ ಬಾಯಿ ತೆರದ್ರ ಸಾಕಾಗಿತ್ತು.

"ಅಣ್ಣಾ, ಮೀಸಿ ಸಣ್ಣ ಆಗ್ಯಾವ ನೋಡ್ರಿ" ಅಂದ್ಲು ಶೇಖಮ್ಮ. "ಇಷ್ಟ ಸಣ್ಣ ಮೀಸ್ಯಾಗ ಅವ್ರು ಮನಿ ಹೊಸ್ತಲಾ ದಾಟತಿದ್ದಿಲ್ಲ."

ಅಂದಾಕಿ ನಕ್ಕಬಿಟ್ಲು. ಗಂಡ ಹೋದ ಮ್ಯಾಲ ಆಕಿ ನಕ್ಕದ್ದು ಯಾರೂ ನೋಡಿದ್ದಿಲ್ಲ. ರಾಧಿಕಾ ಅವ್ವನ ಭುಜ ಹಿಡದು ನಕ್ಕಳು, ಹುಲಿಗಳು ನಕ್ಕವು, ಊರಿಗೂರ ನಕ್ತು. ಬಾಷುಮಿಯಾ ಕಣ್ಣು ಒರಸ್ಕೋತ ಮೀಸಿ ದಪ್ಪ ಮಾಡಿದ.

ಶೇಖಮ್ಮ ಹಾರ ತಗದು ಕುರ್ಚಿಗೆ ಹಾಕಿದ್ಲು. ಫೋಟೊ ಎತ್ತಿ ಬಾಷುಮಿಯಾನ ಕೈಯಾಗ ಇಟ್ಲು.

"ಕುಣಸ್ರಿ."

"ನಾ ಬಣ್ಣ ಹಚ್ಚಾಂವ ತಂಗಿ, ನನಗ ಕುಣಿಯಾಕ ಬರೂದಿಲ್ಲ."

"ಕಾಲು ಬಗ್ಗದಾಂವ ಕುಣದಾನ, ನಿಮಗೇನಾಗ್ಯಾದ? ಬಾರಸ್ರೋ ಹಲಗಿ!"

ಹಲಗಿ ಗುಡುಗಿದ್ವು. ಬಾಷುಮಿಯಾ ಗೆಳ್ಯಾನ್ನ ತಲಿ ಮ್ಯಾಲ ಹೊತ್ತು ಹುಲಿಗಳ ನಡುವ ಇಳದ. ಹೆಜ್ಜಿ ತಪ್ಪಿದ್ವು, ಟೊಪ್ಪಿಗಿ ಬಿತ್ತು, ಹಸಿ ಬಣ್ಣ ಇಳದು ಅರ್ಧ ಹುಲಿ ಅವನ ಗಡ್ಡಕ್ಕ ಬಂತು. ಅಳೂದೂ ಅವನ, ಗುರ್ ಅನ್ನೂದೂ ಅವನ. ಒಂದ ಸುತ್ತು ಮುಗಿಸಿ ಏದುಸಿರು ಬಿಡ್ಕೋತ ಕುರ್ಚಿ ಹತ್ರ ಬಂದ್ರ, ಶೇಖಮ್ಮ ಆ ಕುರ್ಚಿನ ಮಗ್ಗಲಿಗೆ ಉಳ್ಳಿಸಿ ಮುಂದ ನಿಂತಿದ್ಲು.

"ಇಳಸಬ್ಯಾಡ್ರಿ ಅಣ್ಣಾ" ಅಂದ್ಲು. "ಇನ್ನಾ ಅವ್ರಿಗೆ ಸಾಕಾಗಿಲ್ಲ."