ಭೀಮಸಿ ಕೊಂಡ ಗೈಡು

ಅಥಣಿ ತಾಲೂಕಿನ ಅನಂತಪುರದ ಭೀಮಸಿಯ ಮನೆತನದಲ್ಲಿ ಕುರಿ ಕಾಯುವುದನ್ನು ಬಿಟ್ಟು ಬೇರೆ ಕೆಲಸ ಮಾಡಿದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ. ಸುಗ್ಗಿ ಮುಗಿಯಿತೆಂದರೆ ಅಪ್ಪ ಮಲಕಾರಿ ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೊರಡುತ್ತಿದ್ದ. ಅವ್ವ ಮಲಕವ್ವ ಕುದುರೆಯ ಮೇಲೆ ಹಾಸಿಗೆ, ಪಾತ್ರೆ, ಕೋಳಿಗಳನ್ನು ಹೇರಿಕೊಂಡು ಹಿಂದೆ ಹೋಗುತ್ತಿದ್ದಳು. ಭೀಮಸಿ ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಅವರ ಜೊತೆ. ಹಿಂಡು ಯಾವ ಊರಲ್ಲಿ ನಿಂತಿತೋ ಆ ಊರಿನ ಶಾಲೆಯ ಬಾಗಿಲಿಗೆ ಹೋಗಿ, "ಸರ, ಹದಿನೈದ ದಿನ ಇಲ್ಲೇ ಕುಂಡ್ರತೇನ್ರಿ" ಎಂದು ಕೇಳುತ್ತಿದ್ದನಂತೆ. ಹೀಗೆ ಹತ್ತಾರು ಊರುಗಳಲ್ಲಿ ಹದಿನೈದು ದಿನಕ್ಕೊಬ್ಬ ಮಾಸ್ತರರ ಹತ್ತಿರ ಕಲಿತು ಹತ್ತನೆಯದು ಪಾಸಾದ. ತೊಂಬತ್ತರಲ್ಲಿ ಬೆಳಗಾವಿಗೆ ಡಿಪ್ಲೊಮಾ ಓದಲು ಬಂದಾಗ ನಾನು ಅವನನ್ನು ಮೊದಲು ನೋಡಿದೆ. ಹಾಸ್ಟೆಲಿನಲ್ಲಿ ಅವನ ಹಾಸಿಗೆ ಎಂದರೆ ಒಂದು ಕರಿ ಕಂಬಳಿ.

ನಾನು ಮುರಗೆಪ್ಪ, ಅದೇ ಅಥಣಿ ತಾಲೂಕಿನ ಐಗಳಿಯವನು. ನಮ್ಮದು ಕಬ್ಬು, ದ್ರಾಕ್ಷಿ ಇದ್ದ ಮನೆ. ನನಗೆ ನೌಕರಿಯ ಅವಶ್ಯಕತೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಮಾಡಿದ್ದಕ್ಕೆ ಹೊಟ್ಟೆಪಾಡು ಕಾರಣವೆಂದು ಯಾರೂ ತಿಳಿಯಬಾರದು.

ಡಿಪ್ಲೊಮಾ ಮುಗಿದ ಮೇಲೆ ನಾವಿಬ್ಬರೂ ಚಿಕ್ಕೋಡಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆವು. ಬಸ್ ಸ್ಟ್ಯಾಂಡಿನ ಹಿಂದೆ ಒಂದೇ ಕೋಣೆಯಲ್ಲಿ ಇದ್ದೆವು. ಕ್ಲಾಸಿನಲ್ಲಿ ಹನ್ನೆರಡು ಕಂಪ್ಯೂಟರುಗಳನ್ನು ಒಂದೇ ಕರಿ ಕೇಬಲ್ಲಿಗೆ ಸಾಲಾಗಿ ಜೋಡಿಸಿದ್ದರು. ಎಲ್ಲೋ ಒಂದು ಕಡೆ ಕೀಲು ಸಡಿಲವಾದರೆ ಸಾಕು, ಹನ್ನೆರಡೂ ಒಂದರ ಜೊತೆ ಒಂದು ಮಾತಾಡುವುದು ನಿಂತುಹೋಗುತ್ತಿತ್ತು. ನಾನು ಮೀಟರ್ ಹಿಡಿದು ಅರ್ಧ ದಿನ ಹುಡುಕುತ್ತಿದ್ದೆ. ಭೀಮಸಿ ಟೇಬಲ್ಲುಗಳ ಕೆಳಗೆ ಕೂತು, ಕೇಬಲ್ಲಿನ ಮೇಲೆ ಬೆರಳಾಡಿಸುತ್ತ ಹೋಗಿ, "ಇಲ್ಲಿ ನೋಡಲೇ, ಇದು ಕುಂಟಾಕತ್ತೈತಿ" ಎನ್ನುತ್ತಿದ್ದ. ಅವನು ಹೇಳಿದಲ್ಲೇ ದೋಷ ಇರುತ್ತಿತ್ತು. ವಿದ್ಯಾರ್ಥಿಗಳು ಅನುಮಾನ ಬಂದರೆ ನನ್ನ ಟೇಬಲ್ಲು ದಾಟಿ ಅವನ ಹತ್ತಿರ ಹೋಗುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಏನೋ ಸುಡುತ್ತಿತ್ತು.

ತೊಂಬತ್ತೇಳರಲ್ಲಿ ರಾಯಬಾಗದ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರು ಕಬ್ಬಿನ ಗಾಡಿ ತೂಗುವ ಕಾಟಾ, ಗೋದಾಮು, ಆಫೀಸು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಲು ಹೊರಟರು. ಅದನ್ನು ನೋಡಿಕೊಳ್ಳಲು ಒಬ್ಬ ಬೇಕು, ಆದರೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾಗಿರಬೇಕು ಎಂದರು. ಪರೀಕ್ಷೆ ಪುಣೆಯಲ್ಲಿ, ಅದೂ ಇಂಗ್ಲಿಷಿನಲ್ಲಿ, ಕಂಪ್ಯೂಟರಿನ ಮೇಲೆಯೇ.

"ಇಬ್ಬರೂ ಬರಿಯೂಣು," ಎಂದ ಭೀಮಸಿ. "ಯಾರಿಗೆ ಸಿಕ್ಕರೂ ಅಷ್ಟ."

ಓದಲು ಗೈಡು ಬೇಕಿತ್ತು. ರವಿವಾರ ಇಬ್ಬರೂ ನಿಪ್ಪಾಣಿ ಮೇಲೆ ಕೊಲ್ಹಾಪುರಕ್ಕೆ ಹೋದೆವು. ಪುಸ್ತಕದಂಗಡಿಯ ಮುದುಕ ಕಪಾಟಿನ ಮೇಲಿನ ಅರೆಯಿಂದ ಎರಡು ಗೈಡುಗಳನ್ನು ಇಳಿಸಿ, ಧೂಳು ಒರೆಸಿ, ಮುಂದಿಟ್ಟ. ಒಂದು ಎರಡು ವರ್ಷ ಹಳೆಯದು. ತಿಳಿಯಾದ ಇಂಗ್ಲಿಷು, ಪುಟಕ್ಕೊಂದು ಚಿತ್ರ. ಇನ್ನೊಂದು ಅದೇ ವರ್ಷದ್ದು. ಇಟ್ಟಂಗಿಯಷ್ಟು ದಪ್ಪ, ಅಕ್ಷರ ಇರುವೆ ಸಾಲಿನ ಹಾಗೆ.

"ದೋನ್ಹೀ ಚಾಂಗ್ಲೀ ಆಹೇತ್," ಎರಡೂ ಒಳ್ಳೆಯವೇ, ಎಂದ ಮುದುಕ.

ಭೀಮಸಿ ಹಳೆಯದನ್ನು ತೆರೆದು ನಿಂತಲ್ಲೇ ಎರಡು ಪುಟ ಓದಿದ. ಅವನ ಮುಖ ಅರಳಿತು. "ಇದರ ಇಂಗ್ಲಿಷ್ ನನ್ನ ತಲ್ಯಾಗ ಕುಂಡ್ರತೈತಲೇ. ಆದ್ರ ಇದು ಹಳೇದೈತಿ. ನೀ ಹೇಳು, ಯಾವ್ದ ತಗೋಲಿ?"

ನನಗೆ ಗೊತ್ತಿತ್ತು. ಹಿಂದಿನ ದಿನವೇ ಎಸ್‌ಟಿಡಿ ಬೂತಿನಿಂದ ಪುಣೆಯ ಪರೀಕ್ಷಾ ಕೇಂದ್ರಕ್ಕೆ ಫೋನ್ ಮಾಡಿ ಕೇಳಿದ್ದೆ. ಪರೀಕ್ಷೆ ಬದಲಾಗಿದೆ, ಹಳೆಯ ಪುಸ್ತಕದಿಂದ ಅರ್ಧ ಪ್ರಶ್ನೆ ಮಾತ್ರ ಬರುತ್ತವೆ, ಹೊಸದನ್ನೇ ಓದಿ ಎಂದು ಅಲ್ಲಿಯ ಹುಡುಗಿ ಎರಡು ಸಲ ಹೇಳಿದ್ದಳು. ಆ ಮಾತನ್ನು ಅವನಿಗೆ ಹೇಳಬೇಕೆಂದುಕೊಂಡೇ ಬಸ್ಸು ಹತ್ತಿದ್ದೆ.

"ಅದ ಛಲೋ ಐತಿ," ಎಂದೆ. "ನಿನಗ ತಿಳಿಯೂದು ತಗೋ."

ಭೀಮಸಿ ಮತ್ತೆ ಯೋಚಿಸಲಿಲ್ಲ. ನೀನು ಯಾವುದು ಕೊಳ್ಳುತ್ತೀ ಎಂದು ಕೇಳಿದ್ದಕ್ಕೆ, ಕ್ಲಾಸಿನ ನೋಟ್ಸು ನನಗೆ ಸಾಕು ಎಂದೆ. ಮುಂದಿನ ರವಿವಾರ ಊರಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಒಬ್ಬನೇ ಕೊಲ್ಹಾಪುರಕ್ಕೆ ಹೋದೆ. ಹೊಸ ಗೈಡು ತಂದು ಐಗಳಿಯ ನಮ್ಮ ದ್ರಾಕ್ಷಿ ತೋಟದ ಶೆಡ್ಡಿನಲ್ಲಿ ಇಟ್ಟೆ. ಪ್ರತಿ ಶನಿವಾರ ಹೋಗಿ ಅಲ್ಲೇ ಓದುತ್ತಿದ್ದೆ.

ಭೀಮಸಿ ಕೋಣೆಯಲ್ಲಿ ಓದುತ್ತಿದ್ದ. ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆಯುತ್ತಿದ್ದ. ಬೆಳಿಗ್ಗೆ ಸ್ಟೋವಿನ ಮೇಲೆ ಚಹಾ ಕುದಿಯುವಾಗ ತಾನು ಓದಿದ್ದನ್ನು ನನಗೆ ಪಾಠ ಮಾಡುತ್ತಿದ್ದ. ಪುಸ್ತಕವಿಲ್ಲದ ನಾನು ಹಿಂದೆ ಬೀಳಬಾರದೆಂದು. ಒಂದು ದಿನ ಪುಸ್ತಕ ಹಿಡಿದುಕೊಂಡೇ ಬಂದ.

"ಮುರಗ್ಯಾ, ಈ ಐಪಿ ಅಡ್ರೆಸ್ ಅಂತ ಐತೆಲ್ಲ, ಒಂದೊಂದ ಕಂಪ್ಯೂಟರಿಗೆ ಒಂದೊಂದ ನಂಬರ್ ಕೊಡೂದು. ಇದು ನನ್ನ ಪುಸ್ತಕದಾಗ ಎರಡ ಪಾನ ಅಷ್ಟ ಐತಿ. ಇದರ ಮ್ಯಾಲ ಭಾಳ ಕೇಳ್ತಾರೇನ?"

ನನ್ನ ಗೈಡಿನಲ್ಲಿ ಅದೇ ವಿಷಯ ನೂರು ಪುಟ ಇತ್ತು.

"ಎರಡ ಪಾನ ಇದ್ರ ಎರಡ ಪ್ರಶ್ನೆ ಬರ್ತಾವ," ಎಂದೆ.

"ಹೌದ ಬಿಡು," ಎಂದು ಅವನು ನಕ್ಕು ಪುಟ ತಿರುವಿದ.

ನವೆಂಬರಿನಲ್ಲಿ ಪುಣೆಗೆ ಹೋದೆವು. ಅಕ್ಕಪಕ್ಕದ ಕಂಪ್ಯೂಟರುಗಳು. ಅರ್ಧ ಗಂಟೆಯಾದ ಮೇಲೆ ಒಮ್ಮೆ ಅವನ ಕಡೆ ನೋಡಿದೆ. ಮೌಸಿನ ಮೇಲೆ ಕೈ ಇಟ್ಟು, ಹುಬ್ಬು ಗಂಟಿಕ್ಕಿ, ಪರದೆಯನ್ನೇ ನೋಡುತ್ತಿದ್ದ. ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಪರೀಕ್ಷೆ ಮುಗಿದ ಕೂಡಲೇ ಪರದೆಯ ಮೇಲೇ ಅಂಕ ಬಂತು. ನಾನು ಪಾಸು. ಅವನಿಗೆ ನಾಲ್ಕೇ ಪ್ರಶ್ನೆ ಕಡಿಮೆ ಬಿದ್ದಿದ್ದವು. ಅರ್ಧ ಪರೀಕ್ಷೆಯ ಪುಸ್ತಕ ಓದಿ, ಉಳಿದದ್ದನ್ನು ಅಲ್ಲೇ ಕುಳಿತು ಸ್ವಂತ ಬುದ್ಧಿಯಿಂದ ಬಿಡಿಸಿ, ಪಾಸಿಗೆ ನಾಲ್ಕೇ ಪ್ರಶ್ನೆಯಷ್ಟು ಸಮೀಪ ಬಂದಿದ್ದ. ಅದರ ಬೆಲೆ ಆ ಕೋಣೆಯಲ್ಲಿ ನನಗೊಬ್ಬನಿಗೇ ತಿಳಿದಿತ್ತು.

ಮರುದಿನ ಬಸ್ಸು ಸಾತಾರದಲ್ಲಿ ನಿಂತಾಗ ಭೀಮಸಿ ಇಳಿದು ಹೋಗಿ ಪೇಢೆಯ ಪೊಟ್ಟಣ ತಂದ. ಒಂದನ್ನು ತನ್ನ ಕೈಯಿಂದಲೇ ನನ್ನ ಬಾಯಿಗಿಟ್ಟ. "ಪುಸ್ತಕಿಲ್ಲದ ಪಾಸಾದೆಲ್ಲಲೇ ನೀ! ನಾ ಪುಸ್ತಕ ಇಟಗೊಂಡೂ ಆಗಲಿಲ್ಲ."

"ಮತ್ತೊಮ್ಮೆ ಬರಿ," ಎಂದೆ. ಬೇರೆ ಪುಸ್ತಕ ಓದಿ ಬರಿ ಎನ್ನಲಿಲ್ಲ.

"ಕುರಿ ಎಷ್ಟ ಸಲ ಎಣಿಸಿದ್ರೂ ಅಷ್ಟ ಇರ್ತಾವ," ಎಂದ. ಕಿಟಕಿಯ ಕಡೆ ಮುಖ ತಿರುಗಿಸಿದ.

ಒಂದು ತಿಂಗಳೊಳಗೆ ಅವನು ಕ್ಲಾಸು ಬಿಟ್ಟ. ಮಾಲೀಕ ಗಂಗಾರಾಮರು ಎಷ್ಟು ಹೇಳಿದರೂ ಕೇಳಲಿಲ್ಲ. "ನನಗ ತಿಳೀಲಾರದ್ದು ನಾ ಮಂದಿಗೆ ಹೆಂಗ ಕಲಸ್ಲಿರಿ?" ಎಂದು ಕೈಮುಗಿದ. ಕಂಬಳಿ ಸುತ್ತಿಕೊಂಡು ಅನಂತಪುರಕ್ಕೆ ಹೋದ. ಮಲಕಾರಿಗೆ ಆಗಲೇ ದಮ್ಮು ಹೆಚ್ಚಾಗಿತ್ತು. ಹಿಂಡು ಭೀಮಸಿಯ ಪಾಲಿಗೆ ಬಂತು.

ನಾನು ಕಾರ್ಖಾನೆಗೆ ಸೇರಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಒಂದು ದಿನ ಕಾಟಾದ ಕಂಪ್ಯೂಟರು ನಿಂತುಹೋಗಿ, ಕಬ್ಬಿನ ಗಾಡಿಗಳು ಮೈಲುಗಟ್ಟಲೆ ನಿಂತವು. ನಾನು ಸಂಜೆಯತನಕ ಹುಡುಕಿದರೂ ದೋಷ ಸಿಗಲಿಲ್ಲ. ಮ್ಯಾನೇಜರ್ ವಿರುಪಾಕ್ಷಪ್ಪನವರು ಬೈದದ್ದು ನನ್ನ ಕಿವಿಗೆ ಬೀಳಲೇ ಇಲ್ಲ. ಟೇಬಲ್ಲಿನ ಕೆಳಗೆ ಕೂತು ಕೇಬಲ್ಲಿನ ಮೇಲೆ ಬೆರಳಾಡಿಸುತ್ತಿದ್ದೆ. ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ಅಳು ಬಂತು.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ಅವನನ್ನು ಹುಡುಕಿಕೊಂಡು ಹೋದೆ. ಮಂಗಸೂಳಿಯ ಹತ್ತಿರ ಒಬ್ಬರ ಹೊಲದಲ್ಲಿ ಕುರಿ ನಿಲ್ಲಿಸಿದ್ದ. ದೂರದಿಂದಲೇ ನನ್ನನ್ನು ಗುರುತಿಸಿ ಓಡಿ ಬಂದು ತಬ್ಬಿಕೊಂಡ. ಹೆಂಡತಿಯನ್ನು ಕರೆದು, "ತಾರವ್ವಾ, ನಾ ಹೇಳ್ತಿದ್ನೆಲ್ಲ, ಪುಸ್ತಕಿಲ್ಲದ ಪಾಸಾದಾಂವ, ಇವನ ನೋಡು!" ಎಂದ. ಹಾಲು ಕಾಯಿಸಿಕೊಟ್ಟರು. ಅಪ್ಪ ತೀರಿಕೊಂಡು ಆರು ತಿಂಗಳಾಯಿತೆಂದ. ಕಾರ್ಖಾನೆಯಲ್ಲಿ ಎಷ್ಟು ಕಂಪ್ಯೂಟರು, ಹೇಗೆ ಜೋಡಿಸಿದ್ದೀರಿ ಎಂದು ಒಂದೊಂದೇ ಕೇಳತೊಡಗಿದ. ಅವನ ಕಣ್ಣಿನ ಹೊಳಪು ನೋಡಲಾರದೆ ಹೇಳಿಬಿಟ್ಟೆ.

"ಭೀಮಸಿ, ಕೊಲ್ಹಾಪುರದಾಗ ಆ ಪುಸ್ತಕ ತಗೋ ಅಂದ್ನೆಲ್ಲ, ಅದು ಹಳೇ ಪರೀಕ್ಷಾದ್ದು ಅಂತ ನನಗ ಗೊತ್ತಿತ್ತು. ಹಿಂದಿನ ದಿನಾನ ಫೋನ್ ಮಾಡಿ ಕೇಳಿದ್ದೆ. ಹೊಸಾದು ನಾ ತಂದು ಐಗಳ್ಯಾಗ ಇಟ್ಟ ಓದಿದೆ."

ಅವನು ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟ.

"ಐಪಿ ಅಡ್ರೆಸ್ ಕೇಳಿದ್ನೆಲ್ಲ. ಆವಾಗೂ ಗೊತ್ತಿತ್ತೇನ?"

"ಗೊತ್ತಿತ್ತು."

"ಯಾಕಲೇ?"

"ನೀ ನನಗಿಂತ ಶಾಣ್ಯಾ ಇದ್ದಿ. ಅದಕ್ಕ."

ಅವನು ನೆಲ ನೋಡುತ್ತ ಕೂತ. "ನಮ್ಮಪ್ಪ ಸಾಯೂಮುಂದ ಕೇಳಿದ, ಅಷ್ಟ ಓದಿ ಯಾಕ ಬಿಟ್ಟಿಯಪ್ಪಾ ಅಂತ. ನನಗ ತಲಿ ಸಾಲಲಿಲ್ಲೋ ಯಪ್ಪಾ ಅಂತ ಹೇಳೇನಿ. ಅದನ್ನ ಕೇಳಕೋತ ಜೀವ ಬಿಟ್ಟಾನ ಅಂವ."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಕಾಲು ಹಿಂದಕ್ಕೆ ತೆಗೆದುಕೊಂಡ. ಎದ್ದು ನಿಂತು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ತಾರವ್ವಾ, ಇವರಿಗೆ ರೊಟ್ಟಿ ಕೊಡು. ದೂರದಿಂದ ಬಂದಾರ." ನನ್ನ ಕಡೆ ತಿರುಗಿ, "ಉಂಡ ಹೋಗ್ರಿ," ಎಂದ.

ಒಂಬತ್ತು ವರ್ಷಗಳಲ್ಲಿ ಅವನು ನನಗೆ ರೀ ಹಚ್ಚಿ ಮಾತಾಡಿದ್ದು ಅದೇ ಮೊದಲು. ಬೈದಿದ್ದರೆ, ಕೋಲು ತೆಗೆದುಕೊಂಡು ಹೊಡೆದಿದ್ದರೆ ಗೆಳೆಯನೆಂಬ ಸಲಿಗೆಯಾದರೂ ಉಳಿಯುತ್ತಿತ್ತು. ಅವನು ಕುರಿಗಳ ಕಡೆ ನಡೆದುಹೋದ. ತಾರವ್ವ ಕೊಟ್ಟ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆ. ನಾನು ಎದ್ದು ಹೋಗುವತನಕ ಅವನು ಹೊಲದ ಆ ತುದಿಯಿಂದ ಈಚೆ ಬರಲಿಲ್ಲ.

ಕಾರ್ಖಾನೆಗೆ ಮರಳಿ ವಿರುಪಾಕ್ಷಪ್ಪನವರಿಗೆ ಎಲ್ಲ ಹೇಳಿದೆ. ಈ ಜಾಗ ಅವನದು, ಸರ್ಟಿಫಿಕೇಟು ಆಮೇಲೆ ಮಾಡಿಕೊಳ್ಳುತ್ತಾನೆ, ಕರೆಸಿ ಎಂದು ಬೇಡಿಕೊಂಡೆ. ದೊಡ್ಡ ಮನಸ್ಸಿನವರು, ಕಾರ್ಖಾನೆಯ ಜೀಪಿನಲ್ಲಿ ಧೂಳಪ್ಪ ಎಂಬ ಕಾರಕೂನನನ್ನು ಕಳಿಸಿದರು. ಧೂಳಪ್ಪ ಸಂಜೆ ಒಬ್ಬನೇ ಮರಳಿ ಬಂದ.

"ನನಗ ಆ ಕೆಲಸ ಬರೂದಿಲ್ಲ ಅಂತ ಹೇಳ್ರಿ, ಅಂದಾನ್ರಿ."

ಆ ಹಂಗಾಮು ಮುಗಿದ ಮೇಲೆ ನಾನು ನೌಕರಿ ಬಿಟ್ಟು ಐಗಳಿಗೆ ಬಂದೆ. ಡಿಸೆಂಬರಿನಲ್ಲಿ ಅಥಣಿಯ ಪೇಟೆಯಲ್ಲಿ ಭೀಮಸಿ ಎದುರಾದ. ಎರಡು ಟಗರುಗಳನ್ನು ಹಗ್ಗ ಹಿಡಿದು ಎಳೆದುಕೊಂಡು ಹೊರಟಿದ್ದ. ದಾರಿ ತಪ್ಪಿಸಿ ಹೋಗಲಿಲ್ಲ.

"ಆರಾಮ ಅದೀರಿ?" ಎಂದು ಕೇಳಿದ.

"ಆರಾಮ ಅದೇನಿ," ಎಂದೆ.

"ಮನ್ಯಾಗ ಎಲ್ಲಾರೂ ಆರಾಮ್ರಿ?"

"ಹೂಂ."

"ಬರ್ತೇನ್ರಿ," ಎಂದು ಹಗ್ಗ ಜಗ್ಗಿ, ಸಂತೆಯ ಮಂದಿಯ ನಡುವೆ ಹೋದ.