ಚಪ್ಪರ ಹತ್ತದ ಸೌತೆ

ಈಗ ಪೇಟೆಯ ದೊಡ್ಡ ಅಂಗಡಿಗಳಲ್ಲಿ ಜುಕಿನಿ ಎಂಬ ಹಸಿರು ಕಾಯಿಯನ್ನು ಗಾಜಿನ ಕಪಾಟಿನೊಳಗೆ ಮಲಗಿಸಿ ಇಡುತ್ತಾರೆ. ನೋಡಿದಾಗೆಲ್ಲ ನನ್ನ ಅಂಗೈ ತುರಿಸುತ್ತದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು ಅದು ಬೋಳಾರದ ನಮ್ಮ ಹಿತ್ತಿಲಲ್ಲಿ ಬೆಳೆದಿತ್ತು. ಆಗ ನನಗೆ ಒಂಬತ್ತು ವರ್ಷ.

ಬೀಜ ತಂದುಕೊಟ್ಟವರು ಬೇಲಿಯಾಚೆಯ ಬಾಯಮ್ಮ. ಅವರು ಇಗರ್ಜಿಗೆ ಹೋಗುವ ಕೊಂಕಣಿಯವರು, ಗುಡ್ಡದ ಮೇಲಿನ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಬಂಗಲೆಯ ದೊರೆಸಾನಿ ತನ್ನ ಊರಿನಿಂದ ಟಪಾಲಿನಲ್ಲಿ ತರಿಸಿದ ಬೀಜವನ್ನು ಆಟಿಯ ಮಳೆಯಲ್ಲಿ ಬಿತ್ತಿ ಎಲ್ಲವನ್ನೂ ಕೊಳೆಸಿದ್ದಳು. ಬಿತ್ತದೆ ಉಳಿದ ನಾಲ್ಕನ್ನು ಬಾಯಮ್ಮನಿಗೆ ಕೊಟ್ಟಳು, ಬಾಯಮ್ಮ ನನ್ನ ಅಜ್ಜಿಗೆ ಕೊಟ್ಟರು. ಅಜ್ಜಿ ಕೈ ಇಟ್ಟರೆ ಒಲೆಯ ಬೂದಿಯೂ ಚಿಗುರುತ್ತದೆ ಎಂದು ಕೇರಿಯಲ್ಲಿ ಮಾತಿತ್ತು. ಆ ಮಾತನ್ನು ಹಬ್ಬಿಸಿದವರು ಬಹುಮಟ್ಟಿಗೆ ಅಜ್ಜಿಯೇ.

ದೀಪಾವಳಿ ಕಳೆದ ಮೇಲೆ ಬೀಜ ಹಾಕಿದರು. ಒಂದೇ ಒಂದು ಮೊಳೆಯಿತು. ಎಲೆ ಕಂಡು ಅಜ್ಜಿ ಇದು ಸೌತೆಯ ಜಾತಿಯೇ ಎಂದು ತೀರ್ಮಾನಿಸಿ, ನನ್ನ ಮಾವನಿಂದ ಚಪ್ಪರ ಹಾಕಿಸಿದರು. ಬಿದಿರಿನ ನಾಲ್ಕು ಕಂಬ, ಮೇಲೆ ಅಡಿಕೆ ಮರದ ಸಲಾಕೆ, ಒಂದು ಮದುವೆಗೆ ಸಾಕಾಗುವ ಚಪ್ಪರ. ಗಿಡ ಅದರ ಕೆಳಗೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿತು. ಬಳ್ಳಿಯೇ ಇಲ್ಲ. ಅಜ್ಜಿ ದಿನವೂ ಎರಡು ಕೊಡ ನೀರು ಹೊಯ್ದು, "ಏಳು, ಮೇಲೆ ನೋಡು, ಎಂತ ಸೋಮಾರಿತನ ನಿನ್ನದು," ಎಂದು ಬೈಯುತ್ತಿದ್ದರು. ಒಮ್ಮೆ ಬಾಳೆನಾರಿನಿಂದ ಅದರ ಎಲೆಗಳನ್ನು ಕಂಬಕ್ಕೆ ಕಟ್ಟಿ ಎತ್ತಿ ನಿಲ್ಲಿಸಿದರು. ಮರುದಿನ ಎರಡು ಎಲೆ ಮುರಿದಿದ್ದವು.

"ಅದಕ್ಕೆ ಹತ್ತುವ ಮನಸ್ಸಿಲ್ಲ ಅಮ್ಮ," ಎಂದರು ಮಾವ.

"ನಿನಗೆ ಶಾಲೆಗೆ ಹೋಗುವ ಮನಸ್ಸಿತ್ತಾ? ಕಳಿಸಲಿಲ್ಲವಾ ನಾನು?"

ಹಟ ಮಾಡಿ ಕೂತ ಗಿಡ ಕೂತಲ್ಲೇ ಕಾಯಿ ಬಿಟ್ಟಿತು. ಐದು ಕಾಯಿ. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆತು ಉದುರುತ್ತದೆ ಎಂಬುದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅಜ್ಜಿ ಬೆಳಿಗ್ಗೆ ಸಂಜೆ ಮುಷ್ಟಿ ಹಿಡಿದು ಅದರಲ್ಲೇ ತೋರಿಸಿ ಎಣಿಸುತ್ತಿದ್ದರು. ಮಾವ ಮೊಣಕೈ ಚಾಚಿ ತೋರಿಸುತ್ತಿದ್ದರು. ದೂರದಿಂದ ನೋಡಿದವರಿಗೆ ನಮ್ಮ ಮನೆಯವರೆಲ್ಲ ಒಂದು ಗಿಡದ ಜೊತೆ ಜಗಳಕ್ಕೆ ನಿಂತಂತೆ ಕಂಡಿರಬೇಕು. ಅಡುಗೆಮನೆಯ ಜಂತಿಗೆ ಅಜ್ಜಿ ಆಗಲೇ ಬಾಳೆನಾರಿನ ಐದು ಕುಣಿಕೆ ಕಟ್ಟಿ ಇಟ್ಟಿದ್ದರು. ಬಲಿತ ಸೌತೆಯನ್ನು ಹಾಗೆ ನೇತು ಹಾಕಿದರೆ ಮಳೆಗಾಲ ಪೂರ್ತಿ ಸಾಂಬಾರಿಗೆ ಚಿಂತೆಯಿಲ್ಲ.

ಕಾಯಿಗಳು ಗೇಣುದ್ದ ಆದ ವಾರ, ಒಂದು ಶುಕ್ರವಾರ, ಬಾಯಮ್ಮ ಬಂದರು.

"ಅಮ್ಮ, ಇದನ್ನು ಈಗಲೇ ಕೊಯ್ಯಬೇಕಂತೆ. ದೊರೆಸಾನಿಗೆ ಜ್ವರ ಬಿಟ್ಟು ಎರಡು ವಾರ ಆಯ್ತು, ಗಂಜಿ ಸಹ ಮುಟ್ಟುವುದಿಲ್ಲ. ಊರಿನ ಈ ಕಾಯಿ ಇದ್ದರೆ ತಿಂತಿದ್ದೆ ಅಂತ ಅಳ್ತಾರೆ. ಆದಿತ್ಯವಾರ ತರ್ತೇನೆ ಅಂತ ನಾನು ಮಾತು ಕೊಟ್ಟಾಗಿದೆ."

ಅಜ್ಜಿಗೆ ಪಾಪ ಎನಿಸಿತು. ಆದರೆ ಕೈ ಬರಲಿಲ್ಲ. "ಇದು ಹಸಿಗೂಸು ಬಾಯಮ್ಮ. ನಮ್ಮ ಮನೆಯಿಂದ ಬಲಿಯದ ಕಾಯಿ ಯಾರ ಮನೆಗೂ ಹೋದದ್ದಿಲ್ಲ. ಶಿವರಾತ್ರಿ ಆಗಲಿ, ದೊಡ್ಡದೊಂದು ನಾನೇ ಕೊಡ್ತೇನೆ."

"ಅಷ್ಟರವರೆಗೆ ಅವರು ಇರಬೇಕಲ್ಲ ಅಮ್ಮ," ಎಂದು ಬಾಯಮ್ಮ ತಲೆ ತಗ್ಗಿಸಿ ಹೋದರು.

ಬಾಯಮ್ಮ ಕ್ರಿಸ್ಮಸ್ಸಿಗೆ ನನಗೆಂದೇ ಬೇರೆ ತಟ್ಟೆಯಲ್ಲಿ ಕುಸ್ವಾರ್ ತಿಂಡಿ ಕಳಿಸುತ್ತಿದ್ದವರು. ಅವರು ಹಾಗೆ ತಲೆ ತಗ್ಗಿಸಿದ್ದು ನನಗೆ ಸಹಿಸಲಾಗಲಿಲ್ಲ. ಜೊತೆಗೆ, ನಾನು ಕಣ್ಣಿನಲ್ಲೂ ನೋಡದ ಆ ದೊರೆಸಾನಿ ನಮ್ಮ ಕಾಯಿ ಸಿಗದೆ ಸತ್ತುಹೋದರೆ ಪೊಲೀಸರು ಮೊದಲು ನಮ್ಮ ಹಿತ್ತಿಲಿಗೇ ಬರುತ್ತಾರೆ ಎಂಬ ಹೆದರಿಕೆಯೂ ಇತ್ತು.

ಆದಿತ್ಯವಾರ ಬೆಳಿಗ್ಗೆ ಅಜ್ಜಿ ಸ್ನಾನಕ್ಕೆ ಹೋದಾಗ ಗಿಡದ ಬುಡಕ್ಕೆ ನುಗ್ಗಿದೆ. ಅದರ ದಂಟಿನಲ್ಲೆಲ್ಲ ಸಣ್ಣ ಮುಳ್ಳು. ತಿರುಚಿ, ಎಳೆದು, ನಾಲ್ಕು ಕಾಯಿ ಕಿತ್ತೆ. ಐದನೆಯದಕ್ಕೆ ಕೈ ಹಾಕಿ ಬಿಟ್ಟೆ. ಲಂಗದಲ್ಲಿ ಮುಚ್ಚಿಕೊಂಡು ಬೇಲಿಯ ಸಂದಿಯಿಂದ ದಾಟಿಸಿದಾಗ ಬಾಯಮ್ಮ ಪೂಜೆಗೆ ಹೊರಟಿದ್ದರು. ನನ್ನ ಮುಖವನ್ನೂ ಕಾಯಿಗಳನ್ನೂ ನೋಡಿ, ಶಿಲುಬೆ ಗುರುತು ಹಾಕಿ, ನಾಲ್ಕನ್ನೂ ಮಡಚಿದ ಕೊಡೆಯೊಳಗೆ ಇಳಿಸಿದರು. ಒಂದೂ ಮೋಡವಿಲ್ಲದ ಆಕಾಶದ ಕೆಳಗೆ ಬಸುರಿ ಕೊಡೆಯನ್ನು ಎದೆಗೆ ಅಪ್ಪಿಕೊಂಡು ಇಗರ್ಜಿಗೆ ನಡೆದರು.

ಅಜ್ಜಿ ಮುಷ್ಟಿಯಲ್ಲಿ ಎಣಿಸಿದರು. ಒಂದು. ಮತ್ತೊಮ್ಮೆ ಎಣಿಸಿದರು. ಆಮೇಲೆ ಗಿಡದ ಪಕ್ಕದಲ್ಲಿ ಗಿಡದ ಹಾಗೆಯೇ ಕೂತುಬಿಟ್ಟರು. ಮಾವ ಹೆಗ್ಗಣ ಎಂದರು, ಮುಳ್ಳುಹಂದಿ ಎಂದರು, ಕೊನೆಗೆ ನರಿ ಎಂದೂ ಹೇಳಿ ನೋಡಿದರು. ಅಜ್ಜಿ ಮಧ್ಯಾಹ್ನ ಊಟ ಮಾಡಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಸಂಜೆ ಬಾಯಮ್ಮ ನೇರ ಅಂಗಳಕ್ಕೇ ಬಂದರು. "ಅಮ್ಮ, ಕೊಯ್ದದ್ದು ನಾನು. ದೊರೆಸಾನಿ ಪೂರಾ ತಿಂದರು. ಎರಡು ವಾರದಲ್ಲಿ ಮೊದಲ ಸಲ ಎದ್ದು ಕೂತರು."

ಅಜ್ಜಿ ಗಿಡದ ಪಕ್ಕದಿಂದ ಎದ್ದು ಬಂದರು. "ಎಂತ ಮಾಡಿದಿ ಅದನ್ನು?"

"ನೀರಿನಲ್ಲಿ ಬೇಯಿಸಿದೆ."

"ಮೆಣಸು?"

"ಇಲ್ಲ."

"ತೆಂಗಿನಕಾಯಿ?"

"ಇಲ್ಲ. ಉಪ್ಪು, ಸ್ವಲ್ಪ ಬೆಣ್ಣೆ."

"ಒಗ್ಗರಣೆಯೂ ಇಲ್ಲವಾ? ಮತ್ತೆ ಜ್ವರ ಬಾರದೆ ಎಂತ ಬರ್ತದೆ," ಎಂದ ಅಜ್ಜಿ ಬಾಯಮ್ಮನ ಎರಡೂ ಕೈ ಹಿಡಿದು ಮಗುಚಿ ನೋಡಿದರು. ನುಣುಪಾದ ಕೈ. ಆಮೇಲೆ ನನ್ನನ್ನು ಕರೆದು ನನ್ನ ಅಂಗೈ ಬಿಡಿಸಿದರು. ಕೆಂಪಗೆ ಗೀರು, ಬೆರಳ ಸಂದಿಯಲ್ಲೆಲ್ಲ ಗುಳ್ಳೆ. ನಾನು ಅಳಲು ತಯಾರಾದೆ.

"ಕೇಳಿದ್ದರೆ ಕೊಡ್ತಿದ್ದೆ ಅಂತ ನಾನು ಹೇಳುವುದಿಲ್ಲ," ಎಂದರು ಅಜ್ಜಿ. "ಕೊಡ್ತಿರಲಿಲ್ಲ. ಒಂದು ಯಾಕೆ ಬಿಟ್ಟೆ?"

"ನಿಮಗೆ."

ಅಜ್ಜಿ ಒಳಗೆ ಹೋಗಿ ತೆಂಗಿನೆಣ್ಣೆ ತಂದು ನನ್ನ ಕೈಗೆ ಹಚ್ಚಿದರು. ಹಚ್ಚುವಾಗ ಅವರ ಕಣ್ಣು ತುಂಬಿತ್ತು. ಕಾಯಿಗಾಗಿಯೋ ನನಗಾಗಿಯೋ ಎಂದು ನಾನು ಕೇಳಲಿಲ್ಲ. ಆಮೇಲೆ ಚೂರಿ ತೆಗೆದುಕೊಂಡು ಚಪ್ಪರದ ಕೆಳಗೆ ಬಗ್ಗಿ, ಆ ಕೊನೆಯ ಗೇಣುದ್ದದ ಕಾಯಿಯನ್ನೂ ಕೊಯ್ದರು. ಬಾಳೆಲೆಯಲ್ಲಿ ಸುತ್ತಿದರು. ಸಾಲದೆಂದು ಮತ್ತೊಂದು ಸುತ್ತು ಸುತ್ತಿ ನಾರು ಬಿಗಿದು, ಬಾಯಮ್ಮನ ಕೈಗೆ ಕೊಟ್ಟರು.

"ನಾಳೆಗೂ ಅವಳು ತಿನ್ನಬೇಕಲ್ಲ. ದಾರಿಯಲ್ಲಿ ಬಿಚ್ಚಬೇಡ. ಯಾರಾದರೂ ಕೇಳಿದರೆ, ಈ ಎಳೆಗಾಯಿ ನಮ್ಮ ಮನೆಯದು ಅಂತ ಮಾತ್ರ ಹೇಳಬೇಡ, ಆಯ್ತಾ?"