ಹುಲಿಗೆಮ್ಮ ನನ್ನ ಕೈಗೆ ಕೊಟ್ಟ ಮರಳು

ತಾಯಿ ಹುಲಿಗೆಮ್ಮನನ್ನು ನಂಬಿದ ಎಲ್ಲರಿಗೂ ನೀಲವ್ವನ ಶರಣು. ನಾನು ತಾಯಿಯನ್ನು ಬೇಡಿದ್ದು ಮಕ್ಕಳನ್ನಲ್ಲ, ಬಂಗಾರವನ್ನಲ್ಲ. ಒಬ್ಬ ಮನುಷ್ಯ ಸುಟ್ಟು ಸಾಯಲಿ ಎಂದು ಬೇಡಿದ್ದೆ. ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಆ ಮನುಷ್ಯ ನಮ್ಮ ನಾಟಕ ಕಂಪನಿಯ ಮಾಲಕ ಭೀಮಣ್ಣ. ಊರೂರು ತಿರುಗುವ ನಮಗೆ ಒಂದು ಹಳೆಯ ಬಸ್ಸೇ ಮನೆ. ಹಾಸಿಗೆ, ಒಲೆ, ಕುಡಿಯುವ ನೀರಿನ ಪೀಪಾಯಿ ಎಲ್ಲ ಅದರೊಳಗೇ. ನೀರು ನನ್ನ ಪಾಲಿನ ಕೆಲಸ. ಹಳ್ಳದ ನೀರನ್ನು ಬಟ್ಟೆಯಲ್ಲಿ ಸೋಸಿ, ವಾರಕ್ಕೊಮ್ಮೆ ಪೀಪಾಯಿ ತಿಕ್ಕಿ, ಯಾರೂ ಕೈ ಅದ್ದದಂತೆ ಕಾಯುತ್ತಿದ್ದೆ. ದೀಪ ನಮ್ಮ ಮನೆಯವರ ಕೆಲಸ. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಕಾರ್ಬೈಡ್ ದೀಪದಲ್ಲೇ ನಾಟಕ ಆಡುತ್ತಿದ್ದೆವು. ಕಾರ್ಬೈಡ್ ಅಂದರೆ ಒಂದು ಥರದ ಕಲ್ಲು; ಅದಕ್ಕೆ ನೀರು ತಾಕಿದರೆ ಗ್ಯಾಸು, ಗ್ಯಾಸಿಗೆ ಕಿಡಿ ತಾಕಿದರೆ ಬೆಂಕಿ. ಅದಕ್ಕೇ ಅವರು ಕಲ್ಲಿನ ಡಬ್ಬಿಯನ್ನು ಪೀಪಾಯಿಯಿಂದ ದೂರ, ಬಾಗಿಲ ಬಳಿ ಇಟ್ಟು, ಮೆಟ್ಟಿಲಿಗೆ ಒಂದು ಬುಟ್ಟಿ ಒಣ ಮರಳು ಇಟ್ಟಿರುತ್ತಿದ್ದರು. “ಇದಕ್ಕ ಬೆಂಕಿ ಹತ್ತಿದ್ರ ನೀರ ಹಾಕಬ್ಯಾಡ, ಇನ್ನಷ್ಟು ಉರೀತೈತಿ. ಮರಳ ಹಾಕು” ಎಂದು ನನಗೂ ಕಲಿಸಿದ್ದರು.

ಮಹಾನವಮಿಗೆ ಹುಲಿಹೈದರದಲ್ಲಿ ಮುಕ್ಕಾಂ. ಅನ್ನ ಕೊಡುವ ಸಾಮಾನನ್ನೆಲ್ಲ ತೊಳೆದು ಪೂಜೆಗೆ ಕೂಡಿಸಬೇಕಲ್ಲ. ಮಾಲಕ ನಾಟಕದ ಕತ್ತಿಗಳನ್ನು ತೊಳೆದ, ಕಾರ್ಬೈಡ್ ಡಬ್ಬಿಯ ಮೇಲೂ ನೀರು ಸುರಿದು ಹೊರಗೆ ಬಂದ. ಮುಚ್ಚಳ ಸಡಿಲವಿತ್ತು. ನಮ್ಮ ಮನೆಯವರು ಒಳಗೆ ಹೋಗಿ ಕರ್ಪೂರ ಹಚ್ಚಿದರು. ಡಬ್ಬಿ ಒದ್ದೆಯಾಗಿದ್ದು ಅವರಿಗೆ ಕಂಡಿದ್ದು ಬೆಂಕಿಯ ಬೆಳಕಿನಲ್ಲೇ.

ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಬಾಡಿಗೆ ಬಸ್ಸೊಂದರಲ್ಲಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಗಾವತಿಯ ದವಾಖಾನೆಗೆ ಹೋದೆ. ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ವಾಪಸು ಬಂದಾಗ ಮಾಲಕ ಎಲ್ಲರ ಮುಂದೆ ಹೇಳಿದ: “ಪೂಜಿ ನೀರಿಗೆ ಎಲ್ಲ್ಯಾರ ಬೆಂಕಿ ಹತ್ತತೈತೇನು? ಡಬ್ಬಿ ಮುಂದ ಬೀಡಿ ಸೇದ್ಯಾನ, ಸುಟ್ಕೊಂಡಾನ.” ಹುಟ್ಟಿದಾಗಿನಿಂದ ಬೀಡಿ ಮುಟ್ಟದ ಮನುಷ್ಯ! ಆ ಮಾತು ಊರೂರಿಗೆ ಹಬ್ಬಿ, ಯಾವ ಕಂಪನಿಯವರೂ ಅವರ ಕೈಗೆ ದೀಪ ಕೊಡಲಿಲ್ಲ. ಒಲೆ ಉರಿಯಬೇಕಲ್ಲ, ನಾನು ಅದೇ ಮಾಲಕನ ಕಂಪನಿಯಲ್ಲೇ ನೀರು ಹೊತ್ತುಕೊಂಡು ಉಳಿದೆ.

ತಾಯಿಯ ಗುಡಿಯಿರುವ ಹುಲಿಗಿಗೆ ಹೋಗಿ ಸೆರಗೊಡ್ಡಿ ಬೇಡಿದೆ: “ಯವ್ವಾ, ಅಂವನೂ ಹಂಗ ಸುಡಬೇಕು. ನನ್ನ ಕಣ್ಣಿಲೆ ನೋಡಬೇಕು.” ವರ್ಷಪೂರ್ತಿ ಅವನಿಗೆ ನೀರು ಕೊಡುವಾಗಲೆಲ್ಲ ಮನಸ್ಸಿನಲ್ಲಿ ಇದೇ ಮಂತ್ರ.

ಮರುವರ್ಷದ ಮಹಾನವಮಿ ಯಲಬುರ್ಗಾದಲ್ಲಿ. ಮಾಲಕ ಬೇಕೆಂದೇ ಡಬ್ಬಿಯ ಮೇಲೆ ತುಂಬಿದ ತಂಬಿಗೆ ಸುರಿದ. “ನೋಡ್ರಿ, ಈಗ ನಾನ ಕರ್ಪೂರ ಹಚ್ಚತೀನಿ. ಏನಾಗತೈತಿ ನೋಡೂಣು!” ಗಾಳಿಗೆ ಕರ್ಪೂರ ಆರಬಾರದೆಂದು ಕಿಟಕಿಗಳನ್ನೂ ಮುಚ್ಚಿಸಿದ್ದ. ಎಲ್ಲರೂ ಕೆಳಗೆ ಕೈಮುಗಿದು ನಿಂತಿದ್ದರು. ತುಂಬಿದ ಕೊಡ ಹೊತ್ತು ನಾನು ಮೆಟ್ಟಿಲ ಬಳಿ ನಿಂತಿದ್ದೆ. ಗ್ಯಾಸಿನ ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿಯಿತು. ಸುಳ್ಳು ಯಾಕೆ ಬರೆಯಲಿ, ನಾನು ಬಾಯಿ ಬಿಡಲಿಲ್ಲ.

ಧಗ್ಗನೆ ಎದ್ದ ಬೆಂಕಿ ಅವನಿಗೂ ಬಾಗಿಲಿಗೂ ನಡುವೆ ಉರಿಯತೊಡಗಿತು. “ನೀಲವ್ವಾ, ನೀರ! ನೀರ ಹಾಕು!” ಎಂದು ಚೀರಿದ.

ಕೊಡ ನನ್ನ ಸೊಂಟದ ಮೇಲೇ ಇತ್ತು. ಅವನು ಹೇಳಿದಂತೆ ನೀರು ಹಾಕಿದ್ದರೆ ಮುಗಿಯುತ್ತಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ಅಷ್ಟರಲ್ಲಿ ತಾಯಿ ನನಗೆ ಬುದ್ಧಿ ಕೊಟ್ಟಳು: ಇವನು ಸತ್ತರೆ ನನ್ನ ಗಂಡನ ತಪ್ಪಿಲ್ಲವೆಂದು ಹೇಳುವವರು ಯಾರು? ಕೊಡ ಇಳಿಸಿ, ಮರಳಿನ ಬುಟ್ಟಿ ಎತ್ತಿದೆ. ಎತ್ತಿಕೊಂಡು ಸುಮ್ಮನೆ ನಿಂತೆ.

“ಅವತ್ತ ನಮ್ಮ ಮನಿಯವರು ಬೀಡಿ ಸೇದಿದ್ರೇನ್ರಿ, ಮಾಲಕರ?”

“ಇಲ್ಲವಾ, ಇಲ್ಲ! ನೀರ ಹಾಕಿದಾಂವ ನಾನು! ತಪ್ಪು ನಂದು!”

“ಜೋರಾಗಿ ಹೇಳ್ರಿ. ಎಲ್ಲಾರಿಗೂ ಕೇಳ್ಲಿ.”

ಅವನು ಇಡೀ ಯಲಬುರ್ಗಾಕ್ಕೆ ಕೇಳುವಂತೆ ಕೂಗಿದ. ಆಮೇಲೆ ಮರಳು ಸುರಿದೆ.

ಅವನ ಮೀಸೆ, ಹುಬ್ಬು ಸುಟ್ಟವು, ಜೀವ ಉಳಿಯಿತು. ವಾರದೊಳಗೆ ನಮ್ಮ ಮನೆಯವರನ್ನು ಕೈಮುಗಿದು ಕರೆದು ದೀಪ ಒಪ್ಪಿಸಿದ. ಈಗ ಮಹಾನವಮಿಗೆ ಆ ಡಬ್ಬಿಗೆ ಬರೀ ಕುಂಕುಮ, ಅದೂ ಅವರ ಕೈಯಿಂದಲೇ. ಬೇಡಿದ್ದಕ್ಕಿಂತ ಹೆಚ್ಚು ಕೊಟ್ಟ ತಾಯಿಗೆ ವರ್ಷಕ್ಕೊಮ್ಮೆ ಉಡಿ ತುಂಬಿ ಬರುತ್ತೇನೆ.

ಅವನನ್ನು ಕ್ಷಮಿಸಿದೆಯಾ ಎಂದು ಕೇಳುತ್ತಾರೆ. ಇಲ್ಲ. ಅವನು ಇಂದಿಗೂ ನೀರಿಗೆ ನನ್ನ ಹತ್ತಿರವೇ ಬರಬೇಕು. ಸೋಸಿದ, ತಣ್ಣನೆಯ ನೀರನ್ನೇ ಕೊಡುತ್ತೇನೆ. ಆದರೆ ತಂಬಿಗೆ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತೇನೆ, ಆ ದಿನ ಬುಟ್ಟಿ ಹಿಡಿದು ನಿಂತ ಹಾಗೆ.